ಕುದುರೆಮೂಗಿನ ಬಾಮೈದ

ಮೇವ್ ವಾಕ್ ಪೇಟೆಯ ಮೇಲೆ ಚಳಿಗಾಲದ ಕಾವಳ ಇಳಿದು, ಬಾಡಿಗೆ ವ್ಯಾನಿನವರೆಲ್ಲ ಕೈಚೆಲ್ಲಿ ಹೋಟೆಲಿನ ಒಲೆಯ ಮುಂದೆ ಕೂತುಬಿಟ್ಟ ದಿನಗಳಲ್ಲಿ, ಮೇಲಿನ ಹಳ್ಳಿಗಳಿಗೆ ಹೋಗಲೇಬೇಕಾದವರು ಹುಡುಕುತ್ತಿದ್ದದ್ದು ಒಬ್ಬನನ್ನೇ. "ಪಾವೊ ಬಂದಿದಾನಾ?" ಎಂದು ಜೋಳದ ಸಾರಾಯಿ ಮಾರುವ ಹೆಂಗಸರನ್ನು ಕೇಳಿದರೆ ಅವರು ಗಲ್ಲ ಎತ್ತಿ ರಸ್ತೆಯ ಕಡೆ ತೋರಿಸುತ್ತಿದ್ದರು. ಅಲ್ಲಿ ಅವನು ತನ್ನ ಹಳೇ ವಿನ್ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿಸಿ ಇಂಜಿನ್ನಿಗೆ ಎರಡೂ ಅಂಗೈ ಹಿಡಿದುಕೊಂಡು, ಯಾರ ಕಡೆಗೂ ನೋಡದೆ ಇರುತ್ತಿದ್ದ.

ಗಿಡ್ಡ ಆಳು. ಚಳಿಗಾಳಿಗೆ ಕೆನ್ನೆಗಳು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿದ್ದವು. ಕರಿ ಸೆಣಬಿನ ಅಂಗಿ, ಅದರ ಮೇಲೆ ಯಾವನೋ ಸೈನಿಕ ಬಿಟ್ಟುಹೋದ ಹಸಿರು ಕೋಟು, ಮೊಣಕಾಲಿನಿಂದ ಕೆಳಗೆ ಗೊಬ್ಬರದ ಚೀಲ ಸುತ್ತಿ ಹುರಿಯಲ್ಲಿ ಬಿಗಿದ ಕಾಲು, ರಬ್ಬರ್ ಬೂಟು. ಹೊರಡುವ ಮುಂಚೆ ಹಿಂದೆ ಕೂತವರಿಗೆ ಎರಡೇ ಮಾತು ಹೇಳುತ್ತಿದ್ದ: "ನಾನು ವಾಲಿದ ಕಡೆ ವಾಲಿ. ನಾನು ನೆಲಕ್ಕೆ ಕಾಲು ಕೊಟ್ಟಾಗ ನೀವು ಕೊಡಬೇಡಿ." ಆಮೇಲೆ ಊರು ಬರುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಮುಂದಿನ ಚಕ್ರವೇ ಕಾಣದಂಥ ಕಾವಳದಲ್ಲಿ ಅವನು ಕಿವಿಯಿಂದ ಗಾಡಿ ಓಡಿಸುತ್ತಾನೆ ಎಂದು ಜನ ಹೇಳುತ್ತಿದ್ದರು. ಅದು ಸುಳ್ಳೇನಲ್ಲ. ಇಂಜಿನ್ನಿನ ಸದ್ದು ಬಂಡೆಗೆ ಬಡಿದು ಒಂದು ಕಿವಿಗೆ ವಾಪಸು ಬರುತ್ತದೆ. ಇನ್ನೊಂದು ಕಿವಿಗೆ ಬರುವುದಿಲ್ಲ. ಸದ್ದು ಬಾರದ ಕಡೆ ಇರುವುದು ಪ್ರಪಾತ, ಅದರ ತಳದಲ್ಲಿ ನ್ಯೋ ಕ್ವೆ ಹೊಳೆ.

ಅವನಿಗೆ ಮದುವೆಯಾಗಿರಲಿಲ್ಲ. ನಮ್ಮ ಮ್ಹೊಂಗ್ ಜನರಲ್ಲಿ ಮದುವೆಯಾಗದ ಗಂಡಸೆಂದರೆ ಸೂರಿಲ್ಲದ ಮನೆಯ ಹಾಗೆ, ಹೋಗಿಬರುವವರೆಲ್ಲ ನಿಂತು ನೋಡುತ್ತಾರೆ. ಸುಂಗ್ ಚಾ ಹಳ್ಳಿಯಲ್ಲಿ ತಾಯಿಯ ಜೊತೆ ಇದ್ದ. ಆ ಮುದುಕಿಗೆ ಮಾತು ಬಲು ಚುರುಕು. ಬೆಳಿಗ್ಗೆ ಅವನು ಬೈಕು ಒರೆಸುತ್ತಿದ್ದರೆ ಹೊಸಿಲ ಮೇಲೆ ನಿಂತು, "ಅದಕ್ಕೇ ಒಂದು ಲಂಗ ಹೊಲಿಸಿಬಿಡು. ಹಬ್ಬಕ್ಕೆ ಸೊಸೆ ಅಂತ ಕರ್ಕೊಂಡು ಹೋಗ್ತೀನಿ" ಅನ್ನುವಳು. ಪಾವೊ ನಗುತ್ತಿದ್ದ. ಅವಳಿಗೆ ಕಾರಣ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಇವನಿಗೂ ಗೊತ್ತಿತ್ತು.

ಅವನು ಬೈಕು ಕಲಿತದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಹಳ್ಳಿಗೆ ಮೊದಲ ಬೈಕು ತಂದವನು ಅವನ ಚಿಕ್ಕಪ್ಪ. ತಂದನೇ ಹೊರತು ಚಿಕ್ಕಪ್ಪನಿಗೆ ಅದನ್ನು ಓಡಿಸುವ ಧೈರ್ಯ ಬರಲಿಲ್ಲ. ಹಾಗಾಗಿ ಭಾನುವಾರದ ಸಂತೆಗೆ ಹೋಗಿಬರುವುದೆಲ್ಲ ಪಾವೊನ ಪಾಲಿಗೆ ಬಂತು. ಅಂಥ ಒಂದು ಭಾನುವಾರ, ಕಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಎರಚಿದ ಹಾಗೆ ಕಾಣುತ್ತಿದ್ದ ದಿನ, ಏರುದಾರಿಯಲ್ಲಿ ಮೂರ್ನಾಲ್ಕು ಹುಡುಗಿಯರು ನಡೆದು ಹೋಗುತ್ತಿದ್ದರು. ಒಬ್ಬಳ ಚಪ್ಪಲಿ ಕಿತ್ತುಹೋಗಿತ್ತು. ಬರಿಗಾಲನ್ನು ಇನ್ನೊಂದು ಕಾಲಿಗೆ ಸುತ್ತಿದ್ದ ಬಟ್ಟೆಪಟ್ಟಿಗೆ ಒರೆಸಿಕೊಳ್ಳುತ್ತ ಕೊಕ್ಕರೆಯ ಹಾಗೆ ನಿಂತಿದ್ದಳು. ಗೆಳತಿಯರು ಕಿಸಕಿಸ ನಗುತ್ತ ಅವಳನ್ನು ಬೈಕಿನ ಕಡೆ ನೂಕಿದರು.

"ಹತ್ತೇ ಲಿಯಾ, ಹತ್ತು! ಕಾಲು ಮರಗಟ್ಟಿದ್ರೆ ಕುಣಿಯೋಕೆ ಏನು ಉಳಿಯತ್ತೆ ನಿಂಗೆ?"

"ಇವನು ಬೀಳಿಸಿಬಿಟ್ರೆ?"

"ಬಿದ್ರೆ ಇಬ್ರೂ ಒಟ್ಟಿಗೆ ಬೀಳ್ತೀರ, ಬೇಜಾರಿಲ್ಲ!"

ಹತ್ತಿದಳು. ದಾರಿ ಒಡೆಯುವಲ್ಲಿ ಮೂರು ಕಲ್ಲುಗಳಿವೆ. ಅಲ್ಲಿ ಇಳಿದು ತನ್ನ ಹಳ್ಳಿಯ ಕಾಲುದಾರಿ ಹಿಡಿದಳು. ಮುಂದಿನ ಭಾನುವಾರ ಗೆಳತಿಯರು ನೂಕಬೇಕಾಗಲಿಲ್ಲ. ಅವಳಿಗೆ ಎಲೆ ಊದುವ ಅಭ್ಯಾಸವಿತ್ತು. ಯಾವುದಾದರೂ ಗಟ್ಟಿ ಎಲೆಯನ್ನು ತುಟಿಗೆ ಇಟ್ಟು ಹಕ್ಕಿಯೋ ಮನುಷ್ಯರೋ ಎಂದು ತಿಳಿಯದ ಹಾಗೆ ದನಿ ತೆಗೆಯುತ್ತಿದ್ದಳು. ಪಾವೊನ ಕಿವಿಯ ಹಿಂದೆಯೇ ಆ ರಾಗ ಏಳುತ್ತಿತ್ತು. ಅವನು ಬೇಕೆಂದೇ ಗೇರು ಇಳಿಸಿ ನಿಧಾನ ಮಾಡುತ್ತಿದ್ದ.

ನಮ್ಮಲ್ಲಿ ಹೊಸಬರು ಎದುರಾದರೆ ಮೊದಲು ಕೇಳುವುದು ಕುಲ. ಹೆಸರು ಆಮೇಲೆ. ಮೊದಲ ದಿನ ಗಾಳಿ ಜೋರಿತ್ತು, ಪಾವೊ ಕೇಳಲಿಲ್ಲ. ಎರಡನೆಯ ಸಲ ನಾಚಿಕೆ. ಮೂರನೆಯ ಸಲದ ಹೊತ್ತಿಗೆ ಅವನಿಗೆ ಕೇಳಲು ಭಯವಾಗಿತ್ತು. ಅವಳೂ ಹೇಳಲಿಲ್ಲ. ಹೀಗೆ ಒಂದು ಚಳಿಗಾಲ ಪೂರ್ತಿ ಇಬ್ಬರೂ ಆ ಒಂದು ಮಾತನ್ನು ತುಳಿಯದೆ ದಾಟುತ್ತ ಬಂದರು. ಕಲ್ಲುಗೋಡೆಗಳ ಒಳಗೆ ಪೀಚ್ ಮರಗಳು ಮೊಗ್ಗು ಬಿಡುತ್ತಿದ್ದ ದಿನ ಅವಳೇ ಬಾಯಿಬಿಟ್ಟಳು.

"ಮನೇಲಿ ನನ್ನ ಮದುವೆ ಮಾತು ಎತ್ತಿದಾರೆ. ನಿನ್ನ ಕುಲ ಯಾವುದು, ಹೇಳಿಬಿಡು."

"ನಿಂದು ಹೇಳು ಮೊದಲು."

"ನಾನು ಕೇಳಿದ್ದು ಮೊದಲು."

"ಥಾವ್," ಅಂದ ಪಾವೊ.

ಅವನ ಸೊಂಟದ ಮೇಲಿದ್ದ ಅವಳ ಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು.

"ನಿಲ್ಸು."

"ಮೂರು ಕಲ್ಲು ಇನ್ನೂ ಬಂದಿಲ್ಲ..."

"ನಿಲ್ಸು ಅಂದೆ."

ಇಳಿದಳು. ತಲೆವಸ್ತ್ರ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. "ಇಲ್ಲಿಂದ ನಡ್ಕೊಂಡು ಹೋಗ್ತೀನಿ, ಅಣ್ಣ," ಅಂದಳು.

ಆ ಒಂದು ಪದದಲ್ಲಿ ಎಲ್ಲ ಮುಗಿಯಿತು. ಒಂದೇ ಕುಲದವರು ಎಲ್ಲಿ ಹುಟ್ಟಿರಲಿ, ಮುಖ ನೋಡಿರದಿರಲಿ, ಒಡಹುಟ್ಟಿದವರೇ. ಕುಲದೊಳಗೆ ಕೂಡಿದವರ ಸಾವಿಗೆ ಡೋಲು ಬಾರಿಸಲು ಯಾರೂ ಬರುವುದಿಲ್ಲ. ಮನೆಗೆ ಹೋಗಿ ಪಾವೊ ತಾಯಿಯ ಎದುರು ಕೂತು ಅತ್ತ. ಅವಳು ತುಂಬ ಹೊತ್ತು ಒಲೆ ಕೆದಕಿದಳು. "ಆ ಹುಡುಗಿ ಹೆಸರು ನನ್ನ ಮುಂದೆ ಎತ್ಬೇಡ," ಅಂದಳು ಕೊನೆಗೆ. "ಎತ್ತೋದಾದ್ರೆ ನನ್ನ ಮಗಳ ಹೆಸರು ಅಂತ ಎತ್ತು."

ಲಿಯಾಳ ಮದುವೆ ಮುಂದಿನ ಚಳಿಗಾಲ ಫಿನ್ ಲುಂಗ್ ಹಳ್ಳಿಯ ಸುಂಗ್ ಕುಲದ ತುವಾನ ಜೊತೆ ನಡೆಯಿತು. ಫಿನ್ ಲುಂಗ್ ಇರುವುದು ಕುದುರೆಮೂಗಿನ ಘಾಟಿಯ ಆಚೆ, ಮೋಡದ ಮಟ್ಟದಲ್ಲಿ. ತುವಾ ದೊಡ್ಡ ಗಂಟಲಿನ, ದೊಡ್ಡ ನಗೆಯ ಮನುಷ್ಯ. ಬಿದಿರಿನ ಖೇನ್ ಊದುತ್ತ ಒಂಟಿ ಕಾಲಲ್ಲಿ ಸುತ್ತು ಹೊಡೆದರೆ ಸಂತೆಯೇ ನಿಂತು ನೋಡುತ್ತಿತ್ತು. ಕುಡಿತವೂ ಹಾಗೇ, ಧಾರಾಳ. ಪಾವೊ ಥಾವ್ ಕುಲದವನೆಂದು ಗೊತ್ತಾದ ದಿನವೇ ಅವನ ಕುತ್ತಿಗೆಗೆ ಕೈ ಹಾಕಿ, ಕುದುರೆ ಮಾಂಸದ ಸಾರು ಕುದಿಯುತ್ತಿದ್ದ ಕಡಾಯಿಯ ಮುಂದೆ ಕೂರಿಸಿದ.

"ನೋಡಯ್ಯ, ನನ್ನ ಹೆಂಡ್ತಿಗೆ ನೀನು ಅಣ್ಣ. ಲೆಕ್ಕಕ್ಕೆ ನನಗೆ ಭಾವ ಆಗ್ಬೇಕು. ಆದ್ರೆ ನನಗಿಂತ ಚಿಕ್ಕೋನಿಗೆ ಭಾವ ಅನ್ನೋಕೆ ನಾಲಿಗೆ ಹೊರಳಲ್ಲ. ಬಾಮೈದ ಅಂತೀನಿ. ಬೈಕೊಳ್ಳೋದಾದ್ರೆ ಬೈಕೋ."

"ಅನ್ನು, ಏನು ಹೋಗತ್ತೆ."

"ಹೋಗೋದೇನು, ಸಾರಾಯಿ ಹೋಗತ್ತೆ! ಬಾಮೈದನ ಬಟ್ಟಲು ತುಂಬ್ರೋ!"

ಅಂದಿನಿಂದ ಇಡೀ ಸಂತೆಗೆ ಪಾವೊ ಬಾಮೈದನಾದ. ತುವಾನನ್ನು ದ್ವೇಷಿಸಲು ಅವನು ಪ್ರಯತ್ನಪಟ್ಟ. ಆಗಲಿಲ್ಲ. ಅಷ್ಟು ಸಲೀಸಾಗಿ ಪ್ರೀತಿ ಮಾಡುವವನನ್ನು ದ್ವೇಷಿಸುವುದು ಸುಲಭವಲ್ಲ. ಸಂತೆ ಕರಗುವ ಹೊತ್ತಿಗೆ ತುವಾ ರಸ್ತೆ ಬದಿಯ ಹುಲ್ಲಿನ ಮೇಲೆ ಉರುಳಿಕೊಂಡಿರುತ್ತಿದ್ದ. ಲಿಯಾ ಪಕ್ಕದಲ್ಲಿ ಕೂತು ಅವನ ಮುಖಕ್ಕೆ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕುದುರೆಯ ಹಗ್ಗ ಹಿಡಿದು, ಅವನು ಏಳುವುದನ್ನು ಕಾಯುತ್ತಿದ್ದಳು. ಪಾವೊ ಬೈಕು ನಿಧಾನಿಸುತ್ತಿದ್ದ.

"ಊಟ ಆಯ್ತಾ, ಅಣ್ಣ?"

"ಆಯ್ತು. ನಿಂದು?"

"ಆಯ್ತು."

ಬಹಳ ವರ್ಷ ಅವರಿಬ್ಬರ ನಡುವೆ ನಡೆದದ್ದು ಇಷ್ಟೇ ಮಾತು. ಆ ಮಾತಿಗಾಗಿ ಪಾವೊ ಆರು ದಿನ ಕಾಯುತ್ತಿದ್ದ. ಅವಳ ಬೆನ್ನಿನ ಜೋಳಿಗೆಯಲ್ಲಿ ಒಂದು ಮಗು ಬಂತು, ಅದು ಇಳಿದು ನಡೆಯಿತು, ಇನ್ನೊಂದು ಬಂತು. ಹಿರಿಯಳು ಹೆಣ್ಣು, ಮಾಯ್ ಎಂದು ಹೆಸರು. ಅವಳು ಪಾವೊನನ್ನು "ಮಾವ" ಎಂದು ಕೂಗುತ್ತ ಬೈಕಿನ ಹಾರನ್ನು ಒತ್ತಲು ಓಡಿಬರುತ್ತಿದ್ದಳು. ಅವನು ಚಿಕ್ಕಪ್ಪನ ಬೈಕು ಮುದಿಯಾದ ಮೇಲೆ ತನ್ನದೇ ಒಂದು ತೆಗೆದುಕೊಂಡ. ಬೇಸಿಗೆಯಲ್ಲಿ ಕಲ್ಲಿನ ಸಂದಿಗಳಲ್ಲಿ ಜೋಳ ಬಿತ್ತಿದ. ಚಳಿಗಾಲದಲ್ಲಿ ಜನರನ್ನು, ಹಂದಿಮರಿಗಳನ್ನು, ಸೀಮೆಎಣ್ಣೆ ಡಬ್ಬಗಳನ್ನು ಹೊತ್ತು ತಿರುಗಿದ. ಘಾಟಿಯ ಆಚೆಗೆ ಬಾಡಿಗೆ ಬಂದರೆ ಮಾತ್ರ ಬೇರೆಯವರಿಗೆ ಬಿಟ್ಟುಕೊಡುತ್ತಿದ್ದ. ಕೇಳಿದವರಿಗೆ, "ಅಲ್ಲಿಯ ಗಾಳಿ ನನ್ನ ಗಾಡಿಗೆ ಆಗಿಬರಲ್ಲ" ಅನ್ನುತ್ತಿದ್ದ.

ಮುದುಕರೂ ಕಂಡಿರದಷ್ಟು ಹಿಮ ಬಿದ್ದ ವರ್ಷ ಒಂದು ಬೆಳಿಗ್ಗೆ ಅವನ ಫೋನು ಬಡಿದುಕೊಂಡಿತು.

"ಅಣ್ಣ, ನಾನು ಲಿಯಾ." ದನಿ ಒಣಗಿತ್ತು. "ಪಕ್ಕದ ಮನೆ ಫೋನು. ಇವರಿಗೆ ಹೊಟ್ಟೆನೋವು ಬಂದು ಮೂರು ದಿನ ಆಯ್ತು. ಹೊಟ್ಟೆ ಹಲಗೆ ಥರ ಗಟ್ಟಿ ಆಗಿದೆ. ಆಸ್ಪತ್ರೆ ಗಾಡಿ ಘಾಟಿ ಕೆಳಗೇ ನಿಂತುಬಿಟ್ಟಿದೆಯಂತೆ, ಹತ್ತಲ್ವಂತೆ."

"ಬರ್ತಾ ಇದೀನಿ."

"ದಾರಿ ಪೂರ್ತಿ ಗಾಜು ಆಗಿದೆ ಅಣ್ಣ."

"ಬರ್ತಾ ಇದೀನಿ ಅಂದ್ನಲ್ಲ."

ತಾಯಿ ಹೊಸಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಯಾರಿಗೆ?" ಅಂದಳು.

"ತಂಗಿ ಗಂಡನಿಗೆ."

ಮುದುಕಿ ಮಗನ ಮುಖವನ್ನೇ ನೋಡಿದಳು. ಆಮೇಲೆ ಏಣಿ ಹತ್ತಿ ಅಟ್ಟದಿಂದ ತಾನೇ ಹೊಸೆದ ಸೆಣಬಿನ ಹಗ್ಗ ತಂದು, ಹಿಂದಿನ ಚಕ್ರಕ್ಕೆ ಸುತ್ತು ಸುತ್ತಾಗಿ ಬಿಗಿಯಲು ಅವನ ಜೊತೆ ನೆಲಕ್ಕೆ ಕೂತಳು. ಉಳಿದದ್ದನ್ನು ಸುರುಳಿ ಮಾಡಿ ಹ್ಯಾಂಡಲ್ಲಿಗೆ ತೂಗುಹಾಕಿದಳು. ಸೊಸೆ, ಲಂಗ ಎಂಬ ಯಾವ ಮಾತೂ ಆ ದಿನ ಬರಲಿಲ್ಲ.

ಹತ್ತುವಾಗ ಪಾವೊ ಒಬ್ಬನೇ, ಹೇಗೋ ಹತ್ತಿದ. ಎರಡು ಸಲ ಬಿದ್ದು ಎದ್ದ. ಫಿನ್ ಲುಂಗ್ ಮುಟ್ಟಿದಾಗ ತುವಾನ ಮನೆಯಲ್ಲಿ ಅವನ ದೊಡ್ಡಪ್ಪ ತನ್ನ ಗಂಟೆ, ಕೊಂಬುಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಅವನು ಆ ಸೀಮೆಗೆಲ್ಲ ದೇವರು ಬರುವ ಹಿರಿಯ. "ನಾನು ಕರೆಯೋರನ್ನೆಲ್ಲ ಕರೆದಾಯ್ತು. ಇನ್ನು ಡಾಕ್ಟರು ಕೊಯ್ಲಿ," ಅಂದ. ತುವಾ ಒಲೆಯ ಪಕ್ಕ ಮುದುಡಿ ಮಲಗಿದ್ದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕದಾಗಬಹುದೆಂದು ಪಾವೊ ಎಣಿಸಿರಲಿಲ್ಲ.

"ಬಂದ್ಯಾ ಬಾಮೈದ," ಅಂದ ತುವಾ ಕಣ್ಣು ತೆರೆಯದೆ. "ಒಂದು ಬಟ್ಟಲು ಕೊಡಿ ಅವನಿಗೆ."

ಅವನನ್ನು ಎತ್ತಿ ಬೈಕಿನ ನಡುವೆ ಕೂರಿಸಿದರು. ಮಕ್ಕಳನ್ನು ಹೊರುವ ಜೋಳಿಗೆಯ ಪಟ್ಟಿಗಳಿಂದ ಲಿಯಾ ಅವನನ್ನು ಪಾವೊನ ಬೆನ್ನಿಗೆ ಕಟ್ಟಿದಳು. ಎದೆಯ ಮೇಲೆ ಗಂಟು ಹಾಕಲು ಮುಂದೆ ಬಂದಾಗ ಅವಳ ತಲೆ ಪಾವೊನ ಗಲ್ಲದ ಕೆಳಗಿತ್ತು. ಹೊಗೆ ಮತ್ತು ನೀಲಿಗಿಡದ ಬಣ್ಣದಲ್ಲಿ ಅದ್ದಿದ ಬಟ್ಟೆಯ ವಾಸನೆ ಬಂತು. ಅವನು ಉಸಿರು ಹಿಡಿದು ಕೂತ. ಗಂಟು ಬಿಗಿದು ಅವಳು ಹಿಂದೆ ಹತ್ತಿ, ಗಂಡನನ್ನು ತಬ್ಬಿ, ಕೈ ಚಾಚಿ ಪಾವೊನ ಕೋಟಿನ ಅಂಚನ್ನು ಎರಡೂ ಕಡೆ ಹಿಡಿದುಕೊಂಡಳು.

ಹೊರಟರು. ಕಾವಳ ಗೋಡೆಯ ಹಾಗೆ ನಿಂತಿತ್ತು. ತುವಾನ ತಲೆ ಪಾವೊನ ಹೆಗಲ ಮೇಲೆ, ಅವನ ಬಿಸಿಯುಸಿರು ಇವನ ಕುತ್ತಿಗೆಗೆ. ಒಂದಷ್ಟು ದೂರ ಹೋದ ಮೇಲೆ ಆ ತಲೆ ಭಾರವಾಗತೊಡಗಿತು.

"ತುವಾ," ಅಂತ ಕರೆದಳು ಲಿಯಾ. "ತುವಾ, ನಿದ್ದೆ ಮಾಡ್ಬೇಡ. ಕೇಳಿಸ್ತಾ? ಕರಿ ಹಂದಿ ಯಾವಾಗ ಮರಿ ಹಾಕತ್ತೆ ಹೇಳು."

"...ಅದನ್ನೇ ಕೇಳು."

"ಮನೆ ಹಿಂದಿನ ಕಲ್ಲುಗೋಡೆ ಅರ್ಧಕ್ಕೆ ಬಿಟ್ಟಿದೀಯ. ಯಾರು ಮುಗಿಸ್ತಾರೆ ಅದನ್ನ? ನಿಮ್ಮಪ್ಪ ಎದ್ದು ಬರ್ತಾನಾ?"

"ಬೈಬೇಡ್ವೇ."

"ಬೈತೀನಿ. ಆಸ್ಪತ್ರೆ ಮುಟ್ಟೋವರೆಗೂ ಬೈತೀನಿ. ಮೊನ್ನೆ ನನ್ನ ಹೊಸ ಸೊಂಟಪಟ್ಟಿ ಕುದುರೆಗೆ ಕಟ್ಟಿದ್ದೆಯಲ್ಲ, ಅದಕ್ಕೂ ಬೈತೀನಿ. ಚಿಕ್ಕವನಿಗೆ ಖೇನ್ ಕಲಿಸ್ತೀನಿ ಅಂದಿದ್ದೆ. ಅವನು ದಿನಾ ಕೇಳ್ತಾನೆ. ತುವಾ! ಕೇಳಿಸ್ತಾ?"

"ಕಲಿಸ್ತೀನಿ..."

ಪಾವೊನ ಕಿವಿಯ ಹಿಂದೆಯೇ ಆ ದನಿ. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಇಷ್ಟು ಮಾತು ಅವನು ಕೇಳಿರಲಿಲ್ಲ. ಒಂದೊಂದು ಮಾತಿನಲ್ಲೂ ಒಂದೊಂದು ಸಂಗತಿ: ಸೋರುವ ಸೂರು, ಜ್ವರ ಬಂದ ಮಗು, ಮುನಿಸು, ಮುನಿಸು ಮುಗಿದ ಮೇಲಿನ ನಗು. ಅವನು ಅವಳನ್ನು ನೆನೆಯುವಾಗಲೆಲ್ಲ ಅವಳು ಬೈಕಿನಿಂದ ಇಳಿದ ಆ ದಿನದಲ್ಲೇ ನಿಂತಿದ್ದಳು, ತಲೆವಸ್ತ್ರ ಕಟ್ಟಿಕೊಳ್ಳುತ್ತ. ಅವಳು ನಿಂತಿರಲಿಲ್ಲ. ನಡೆದು ಹೋಗಿ ಒಂದು ಬದುಕು ಪೂರ್ತಿ ಬಾಳಿದ್ದಳು. ಅದರಲ್ಲಿ ಪ್ರೀತಿಯಿತ್ತು. ಅದು ತಿಳಿದಾಗ ಆದ ನೋವು ಹಳೆಯ ನೋವಲ್ಲ, ಹೊಸದು. ಆದರೂ ಆ ದನಿ ನಿಲ್ಲದಿರಲಿ ಎಂದು ಅವನ ಜೀವ ಬಯಸಿತು. ದನಿ ನಿಂತರೆ ಬೆನ್ನ ಮೇಲಿನವನು ಹೋದನೆಂದು ಅರ್ಥ. ಅವಳು ಉಸಿರಿಗೆ ನಿಂತಾಗ ಇವನೇ ಶುರುಮಾಡಿದ.

"ತುವಾ, ಸಾಯೋದಾದ್ರೆ ನನ್ನ ಗಾಡಿ ಮೇಲೆ ಬೇಡ. ಆಮೇಲೆ ಯಾರೂ ಹತ್ತಲ್ಲ."

ಬೆನ್ನ ಮೇಲೆ ತುವಾನ ಎದೆ ಸಣ್ಣಗೆ ಕುಲುಕಿತು. ನಗುತ್ತಿದ್ದ. "ಬಾಮೈದ... ನೀನ್ಯಾಕೋ ಮದುವೆ ಆಗ್ಲಿಲ್ಲ?"

ಪಾವೊ ಉತ್ತರ ಕೊಡುವ ಮೊದಲೇ ಹಿಂದಿನ ಚಕ್ರ ಜಾರಿತು. ಕುದುರೆಮೂಗಿನ ಇಳಿಜಾರು ಬಂದಿತ್ತು. ರಸ್ತೆಯ ಮೇಲೆ ಹಿಮ ಕರಗಿ ಮತ್ತೆ ಗಟ್ಟಿಯಾಗಿ ಒಂದೇ ಹಾಳೆಯಾಗಿತ್ತು. ಬ್ರೇಕು ಮುಟ್ಟಿದರೆ ಹೊಳೆಗೆ. ಅವನು ಎರಡೂ ಕಾಲು ಕೊಟ್ಟು ಗಾಡಿಯನ್ನು ಬಂಡೆಯ ಕಡೆಗೆ ಒರಗಿಸಿ ನಿಲ್ಲಿಸಿದ.

"ಇಳಿ ಲಿಯಾ. ಹ್ಯಾಂಡಲ್ ಮೇಲಿರೋ ಹಗ್ಗ ತಗೊಂಡು ಹಿಂದೆ ಕಟ್ಟು."

ಹೇಳಿದ ಮೇಲೆ ಹೊಳೆಯಿತು, 'ತಂಗಿ' ಅನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆದಿದ್ದ. ಅವಳು ಗಮನಿಸಿದಳೋ ಇಲ್ಲವೋ. ಹಗ್ಗದ ಒಂದು ತುದಿಯನ್ನು ಬೈಕಿನ ಹಿಂದಿನ ಕಂಬಿಗೆ ಬಿಗಿದು, ಇನ್ನೊಂದನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು. ಬೂಟಿನ ಹಿಮ್ಮಡಿಯನ್ನು ರಸ್ತೆಯಂಚಿನ ಹುಲ್ಲಿಗೆ ಊರಿ ಹಿಂದಕ್ಕೆ ವಾಲಿದಳು. "ಹ್ಞೂ, ಬಿಡು," ಅಂದಳು.

ಪಾವೊ ಮೊದಲ ಗೇರಿನಲ್ಲಿ ಇಂಜಿನ್ನನ್ನು ತಡೆತಡೆದು ಬಿಟ್ಟ. ಗಾಡಿ ಮುಂದಕ್ಕೆ ಎಳೆಯುತ್ತಿತ್ತು, ಅವಳು ಹಿಂದಕ್ಕೆ. ಆಳುದ್ದದಷ್ಟು ದೂರ, ನಿಲುಗಡೆ, ಮತ್ತೆ ಅಷ್ಟು ದೂರ. ಒಂದು ತಿರುವಿನಲ್ಲಿ ಹಗ್ಗ ಸಡಿಲಾಗಿ ತಟ್ಟನೆ ಬಿಗಿಯಿತು. ಅವಳು ಬಿದ್ದಿದ್ದಳು. ಮೊಣಕಾಲು ಉಜ್ಜುತ್ತ ಗಾಡಿಯ ಹಿಂದೆ ಎಳೆಸಿಕೊಂಡು ಬರುತ್ತಿದ್ದಳು, ಹಗ್ಗ ಬಿಟ್ಟಿರಲಿಲ್ಲ. ಪಾವೊನಿಗೆ ತಿರುಗಲು ಆಗುವುದಿಲ್ಲ. ಬೆನ್ನಿಗೆ ಅವಳ ಗಂಡ.

"ಲಿಯಾ!"

"ಮುಂದೆ ನೋಡು!" ಅಂತ ಕಿರುಚಿದಳು. "ನನ್ನ ನೋಡ್ಬೇಡ, ಮುಂದೆ ನೋಡು!"

ಬಂಡೆಯ ಬುಡದಲ್ಲಿ ಮರಳಿನ ಗುಡ್ಡೆ ಸಿಕ್ಕಿ ಗಾಡಿ ನಿಂತಿತು. ಅವಳು ಎದ್ದು, ಲಂಗ ಕೊಡವಿ, ಮತ್ತೆ ಹಿಮ್ಮಡಿ ಊರಿದಳು. ಹೀಗೇ ಇಳಿದರು. ಕೆಳಗೆ ಆಸ್ಪತ್ರೆಯ ಗಾಡಿಯ ದೀಪ ಕಾವಳದಲ್ಲಿ ಹಳದಿ ಕಲೆಯ ಹಾಗೆ ಕಂಡಾಗ ಪಾವೊನಿಗೆ ತನ್ನ ಬೆರಳುಗಳು ಹ್ಯಾಂಡಲಿನಿಂದ ಬಿಡುತ್ತಿಲ್ಲವೆಂದು ಗೊತ್ತಾಯಿತು. ಡ್ರೈವರು ಒಂದೊಂದಾಗಿ ಬಿಡಿಸಿದ.

ಆಸ್ಪತ್ರೆಯಲ್ಲಿ ತುವಾನನ್ನು ಒಳಗೆ ತೆಗೆದುಕೊಂಡು ಬಾಗಿಲು ಮುಚ್ಚಿದರು. ಕರುಳಿನ ತುದಿ ಒಡೆದಿದೆ, ಕೊಯ್ಯಬೇಕು ಎಂದರು. ಇನ್ನೂ ಮಧ್ಯಾಹ್ನ ಕಳೆದಿರಲಿಲ್ಲ. ಉದ್ದನೆಯ ಬೆಂಚಿನ ಮೇಲೆ ಇಬ್ಬರೇ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ನರ್ಸು ಲಿಯಾಳ ಮೊಣಕಾಲಿಗೆ ಬಟ್ಟೆ ಕಟ್ಟಿದ್ದಳು. ಪಾವೊ ಹೊರಗೆ ಹೋಗಿ ಒಂದು ಬಟ್ಟಲು ಬಿಸಿ ಗಂಜಿ ತಂದ. ಅವಳು ಉಣ್ಣಲಿಲ್ಲ, ಬಟ್ಟಲಿನ ಬಿಸಿಗೆ ಕೈ ಹಿಡಿದುಕೊಂಡಳು.

"ಅಣ್ಣ ಅಂತ ಕರೆಯೋದು ಮೊದಮೊದಲು ಕಷ್ಟ ಆಗ್ತಿತ್ತು," ಅಂದಳು ಬಟ್ಟಲನ್ನೇ ನೋಡುತ್ತ. "ಸಂತೆಗೆ ಬರೋ ದಾರೀಲೆಲ್ಲ ಬಾಯಲ್ಲಿ ಹೇಳ್ಕೊಂಡು ಬರ್ತಿದ್ದೆ, ತಪ್ಪಬಾರದು ಅಂತ. ಆಮೇಲೆ ಅದೇ ಆಸರೆ ಆಯ್ತು. ಇವತ್ತು ಬೆಳಿಗ್ಗೆ ಯಾರನ್ನ ಕರೀಲಿ ಅಂತ ಯೋಚನೇನೇ ಮಾಡ್ಲಿಲ್ಲ."

ಪಾವೊ ತನ್ನ ಬೂಟು ನೋಡಿದ. ಹೇಳಲು ಒಂದು ಆಯುಷ್ಯದಷ್ಟಿತ್ತು. "ನಂಗೆ ಆ ಕಷ್ಟ ಇನ್ನೂ ಹೋಗಿಲ್ಲ," ಅಂದ.

"ಗೊತ್ತು," ಅಂದಳು ಲಿಯಾ.

ಅಷ್ಟೇ. ಆಮೇಲೆ ಅವಳು ಗಂಜಿ ಕುಡಿದಳು, ಅರ್ಧ ಕುಡಿದು ಉಳಿದದ್ದನ್ನು ಅವನ ಕಡೆ ಸರಿಸಿದಳು. ಅವನು ಕುಡಿದ. ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದು, ಉಳಿದುಕೊಂಡ ಎಂದಾಗ ಲಿಯಾ ಗೋಡೆಗೆ ಮುಖ ಮಾಡಿ ಅತ್ತಳು. ಅವಳ ಬೆನ್ನಿನ ಮೇಲೆ ಕೈ ಇಡಬೇಕೆಂದು ಪಾವೊನ ಕೈ ಎದ್ದಿತು. ಒಬ್ಬ ಅಣ್ಣ ಇಡಬಹುದಾದ ಕೈ. ಇಟ್ಟ.

ತುವಾ ಎದ್ದು ಓಡಾಡುವಂತಾದ ಮೇಲೆ ಫಿನ್ ಲುಂಗ್‌ನಲ್ಲಿ ಜೀವ ಕರೆಯುವ ಊಟ ಇಟ್ಟರು. ಬೆದರಿದಾಗ ಮನುಷ್ಯನ ಜೀವ ಮೈಯಿಂದ ಕಳಚಿ ದಾರಿಯಲ್ಲಿ ಉಳಿದುಬಿಡುತ್ತದೆ. ಅದನ್ನು ಕರೆದು ಮನೆಗೆ ತರಬೇಕು. ಘಾಟಿ ಇಳಿದವರು ಮೂವರಾದ್ದರಿಂದ ಮೂವರನ್ನೂ ಕೂರಿಸಿದರು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಕಣಿವೆಯ ಕಡೆ ಮುಖ ಮಾಡಿ ಎಳೆದ ದನಿಯಲ್ಲಿ ಕರೆದ: "ತುವಾನ ಜೀವವೇ, ಬಾ. ಲಿಯಾಳ ಜೀವವೇ, ಬಾ. ಪಾವೊನ ಜೀವವೇ, ಕುದುರೆಮೂಗಿನ ಹಿಮದ ಮೇಲೆ ಬಿದ್ದಿದ್ದರೆ ಏಳು, ಬಂಡೆಯ ಸಂದಿಯಲ್ಲಿ ಅಡಗಿದ್ದರೆ ಹೊರಗೆ ಬಾ. ಇಲ್ಲಿ ಬೆಂಕಿ ಇದೆ, ಅನ್ನ ಇದೆ, ನಿನ್ನವರಿದ್ದಾರೆ." ಜೀವ ಬಂತೋ ಇಲ್ಲವೋ ಎಂದು ಶಕುನಕ್ಕೆ ಬೇಯಿಸಿದ ಕೋಳಿಯ ಕಾಲುಗಳನ್ನು ಬೆಳಕಿಗೆ ಹಿಡಿದು ನೋಡಿದ. ಹುಬ್ಬು ಗಂಟಿಕ್ಕಿದ.

"ಇವರಿಬ್ಬರದೂ ಬಂತು. ನಿಂದು ಇನ್ನೂ ದಾರೀಲಿದೆ ಕಣಪ್ಪ. ಬೇರೆ ಎಲ್ಲಾದ್ರೂ ಬಿದ್ದಿದ್ದೆಯಾ?"

"ಗಾಡಿ ಓಡಿಸೋನು ಎಷ್ಟು ಕಡೆ ಬೀಳ್ತಾನೆ ದೊಡ್ಡಪ್ಪ. ಯಾವುದು ಅಂತ ಹೇಳ್ಲಿ?"

ಎಲ್ಲರೂ ಗೊಳ್ಳೆಂದು ನಕ್ಕರು, ತುವಾ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಕ್ಕ. ಲಿಯಾ ನಗಲಿಲ್ಲ. ಒಲೆಯ ಸೌದೆಯನ್ನು ಮುಂದಕ್ಕೆ ದೂಡುತ್ತಿದ್ದಳು. ದೊಡ್ಡಪ್ಪ ಪಾವೊನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, "ಬರತ್ತೆ, ಬರತ್ತೆ. ಕೆಲವಕ್ಕೆ ಹೊತ್ತು ಹಿಡಿಯತ್ತೆ" ಅಂದ. ದಾರ ಬೇಸಿಗೆಯವರೆಗೂ ಇತ್ತು. ಒಂದು ದಿನ ಜೋಳದ ಹೊಲದಲ್ಲಿ ಎಲ್ಲೋ ಹರಿದುಬಿತ್ತು.

ಆ ವರ್ಷದಿಂದ ಪಾವೊ ಘಾಟಿಯ ಆಚೆಗಿನ ಬಾಡಿಗೆಗಳನ್ನೂ ಒಪ್ಪಿಕೊಳ್ಳತೊಡಗಿದ. ಹೊಸವರ್ಷಕ್ಕೆ ತುವಾ ಹಂದಿ ಕೊಯ್ದರೆ ತೊಡೆಯ ಭಾಗ ಬಾಮೈದನಿಗೆಂದು ಬೇರೆ ಎತ್ತಿಡುತ್ತಿದ್ದ. ಪಾವೊ ಹೋಗುತ್ತಿದ್ದ, ಬಾಗಿಲ ಹೊರಗೆ ಬೈಕಿನ ಮೇಲೆ ಕೂತೇ ತೆಗೆದುಕೊಳ್ಳುತ್ತಿದ್ದ, ಕಾವಳ ಇಳಿಯುವ ಮುಂಚೆ ಹೋಗಬೇಕು ಅನ್ನುತ್ತಿದ್ದ. ಮನೆಯಲ್ಲಿ ತಾಯಿ ಆ ಮಾಂಸವನ್ನು ಒಲೆಯ ಮೇಲಿನ ಹೊಗೆಗೆ ತೂಗುಹಾಕುತ್ತ, "ಮಗಳು ಚೆನ್ನಾಗಿದಾಳಾ?" ಎಂದು ಕೇಳುತ್ತಿದ್ದಳು. ಹಾಗೆ ಎರಡು ಚಳಿಗಾಲ ಕೇಳಿದ ಮೇಲೆ ಅವಳು ತೀರಿಕೊಂಡಳು. ಸತ್ತ ಮನೆಗೆ ಮಗಳ ಜಾಗದಲ್ಲಿ ನಿಂತು ಅಳಲು ಲಿಯಾ ಬಂದಳು.

ಮಾಯ್ ಬೆಳೆದು ಮದುವೆಗೆ ಬಂದಾಗ ಹುಡುಗಿಯನ್ನು ಗಂಡನ ಮನೆ ಮುಟ್ಟಿಸುವ ಹೊಣೆ ಸೋದರಮಾವನಿಗೆ ಬಿತ್ತು. ನಮ್ಮಲ್ಲಿ ಮದುವೆಗಳು ಚಳಿಗಾಲದಲ್ಲೇ. ಜೋಳ ಅಟ್ಟ ಸೇರಿ ಕೈ ಖಾಲಿಯಾಗುವುದು ಆಗಲೇ. ಬೆಳಿಗ್ಗೆ ಸಾಲು ಬೈಕುಗಳು ಹೊರಟವು, ಮುಂದೆ ಪಾವೊನದು. ಹಿಂದೆ ಮಾಯ್ ಹೊಸ ಲಂಗದ ಮೇಲೆ ಪ್ಲಾಸ್ಟಿಕ್ ಹೊದ್ದು, ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಘಾಟಿಯವರೆಗೂ ಬಿಕ್ಕಿದಳು.

"ಮಾವ, ನಂಗೆ ವಾಪಸು ಹೋಗ್ಬೇಕು ಅನ್ಸಿದ್ರೆ?"

"ಫೋನು ಮಾಡು. ಹಿಮ ಇದ್ರೂ ಬರ್ತೀನಿ."

"ಅವರು ಒಳ್ಳೇವ್ರಾ ಮಾವ?"

"ನಿಮ್ಮಪ್ಪನಷ್ಟು ಕುಡಿಯಲ್ಲ ಅಂತ ವಿಚಾರಿಸಿದೀನಿ. ನಿಮ್ಮಪ್ಪನಷ್ಟು ಒಳ್ಳೇವನಾ ಅಂತ ನೀನೇ ನೋಡ್ಬೇಕು."

ಅವಳು ಅಳುತ್ತಲೇ ನಕ್ಕಳು. ಇಳಿಜಾರು ಕಳೆದ ಮೇಲೆ ಅವನ ಬೆನ್ನಿಗೆ ತಲೆಯೊರಗಿಸಿ ನಿದ್ದೆಹೋದಳು. ಪಾವೊ ಒಂದು ಕೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು, ಇಡೀ ದಾರಿ ಒಂದೇ ಗೇರಿನಲ್ಲಿ ಓಡಿಸಿದ. ಹಿಂದಿನ ಬೈಕಿನವರು ಹಾರನ್ನು ಹೊಡೆದು ಹೊಡೆದು ಸೋತರು.

ಹುಡುಗಿಯನ್ನು ಒಪ್ಪಿಸಿ, ಬೀಗರ ಸಾರಾಯಿ ಕುಡಿದು, ಸುದ್ದಿ ಹೇಳಲು ಅವನು ಫಿನ್ ಲುಂಗ್‌ಗೆ ಮರಳಿದಾಗ ಸಂಜೆಯ ಬೆಳಕು ಇನ್ನೂ ಇತ್ತು. ಲಿಯಾ ಕಲ್ಲುಗೋಡೆಯ ಬಾಗಿಲಲ್ಲೇ ನಿಂತಿದ್ದಳು. ತಲೆಯಲ್ಲಿ ಅಲ್ಲಲ್ಲಿ ನರೆ.

"ಮುಟ್ಟಿದ್ಳಾ?"

"ಮುಟ್ಟಿದ್ಳು. ಅತ್ತೆ ಹೊಸಿಲ ತನಕ ಬಂದು ಕರ್ಕೊಂಡ್ಲು."

"ತುಂಬ ಅತ್ಲಾ?"

"ಘಾಟಿ ತನಕ ಅತ್ಲು. ಆಮೇಲೆ ನಿದ್ದೆ."

ಲಿಯಾ ತಲೆಯಾಡಿಸಿದಳು. ಕಣ್ಣೊರೆಸಿಕೊಂಡು ಅವನ ಕೋಟಿನ ಮೇಲೆ ಕೂತಿದ್ದ ಇಬ್ಬನಿಯ ಹರಳುಗಳನ್ನು ನೋಡಿದಳು. ಒಳಗಿನಿಂದ ತುವಾ ಕೂಗಿದ: "ಬಾಮೈದ! ಮಗಳು ಇಲ್ದೆ ಮನೆ ಬಿಕೋ ಅಂತಿದೆ. ಇವತ್ತೂ ಬಾಗಿಲಲ್ಲೇ ನಿಂತ್ಕೊಂಡು ಕಾವಳ ಕತ್ತಲೆ ಅಂತ ನೆಪ ಹೇಳಿದ್ರೆ ಗಾಡಿಗೆ ಬೆಂಕಿ ಇಡ್ತೀನಿ ನೋಡು!"

ಪಾವೊ ಇಂಜಿನ್ ಆರಿಸಿದ. ಇಳಿದು, ಕಾಲಿನ ಚೀಲದ ಹುರಿ ಬಿಚ್ಚಿ, ಬೂಟು ಕೊಡವಿ, ತಲೆ ತಗ್ಗಿಸಿ ಒಳಗೆ ಹೋದ. ತುವಾ ಒಲೆಯ ಪಕ್ಕ ಸರಿದು ಅವನಿಗೆ ಮಣೆ ಹಾಕಿದ. ಲಿಯಾ ಜೋಳದ ನುಚ್ಚನ್ನೂ ಎಲೆಕೋಸಿನ ಬಿಸಿ ಸಾರನ್ನೂ ತಂದಿಟ್ಟು, ಗಂಡನ ಆಚೆ ಬದಿಗೆ ಕೂತಳು. ಮೂವರೂ ಮಗಳ ಮಾತಾಡುತ್ತ ಉಂಡರು. ಹೊರಗೆ ಬೈಕು ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿತ್ತು.